ಸೈಲೋಸಿಯ ಮರ

ರೈವಾಂಗಾ, ಸುವಾ
ಗುರುವಾರ, ಆಗಸ್ಟ್ ೧೪

ಪ್ರೀತಿಯ ಆಪಿ,

ಹೇಗಿದ್ದೀಯ? ಆ ಸಿನಾಯ್ ಮರಳಿನಲ್ಲಿ ನಿನ್ನ ಕೆಮ್ಮು ಕಡಿಮೆಯಾಯಿತೇ? ನಾನು ಕಳಿಸಿದ ತೆಂಗಿನೆಣ್ಣೆ ಎದೆಗೆ ಹಚ್ಚಿಕೊಳ್ಳುತ್ತಿದ್ದೀಯೋ, ಇಲ್ಲ ಜೊತೆಯವರಿಗೆಲ್ಲ ಹಂಚಿ ದೊಡ್ಡ ಮನುಷ್ಯನಾದೆಯೋ? ನಿನ್ನ ಅಮ್ಮ ಕಣ್ಣಿನ ಚಿಕಿತ್ಸೆಗೆಂದು ಊರಿನಿಂದ ಬಂದು ನಮ್ಮಲ್ಲೇ ಇದ್ದಾರೆ. ಒಂದು ಕಣ್ಣಿನ ಪೊರೆ ತೆಗೆದಾಗಿದೆ. ಈಗ ಪಕ್ಕದ ಮನೆಯವರು ಹಗ್ಗಕ್ಕೆ ಹಾಕಿದ ಹರಕು ಬಟ್ಟೆಯೂ ಅವರಿಗೆ ಸ್ಪಷ್ಟವಾಗಿ ಕಾಣುತ್ತದೆ, ಜೋರಾಗಿ ಹೇಳಿಯೂ ಬಿಡುತ್ತಾರೆ. ಇನ್ನೊಂದು ವರ್ಷಕ್ಕೆ ಸೈನ್ಯದಲ್ಲೇ ಉಳಿಯುತ್ತೀಯಾ ಎಂದು ಹಿಂದಿನ ಎರಡು ಪತ್ರದಲ್ಲೂ ಕೇಳಿದ್ದೆ. ನೀನು ಉತ್ತರ ಬರೆದಿಲ್ಲ. ಈಗ ಅದು ಬೇಡ, ನಿನ್ನ ಸೋದರತ್ತೆಯ ಮಗ ಸೈಲೋಸಿ ಎಂಬ ಮಹಾಶಯನ ಪ್ರತಾಪ ಕೇಳು.

ನಿಮ್ಮೂರಿನ ಆರೋಗ್ಯ ಕೇಂದ್ರದ ನಕ್ಷೆಗಳನ್ನು ನಾನೇ ಬರೆಯುತ್ತಿರುವುದು ನಿನಗೆ ಗೊತ್ತು. ಹಣ ಕೊಡುವ ಕಚೇರಿಯವರು ಈ ಸಲ ಒಪ್ಪದಿದ್ದರೆ ಮುಂದಿನ ಸರದಿ ಯಾವಾಗ ಎಂದು ಅವರಿಗೇ ತಿಳಿಯದು. ಕಳೆದ ವರ್ಷ ನಿಮ್ಮೂರಿನ ಅಕನಿಸಿ ಆಸ್ಪತ್ರೆಗೆ ಹೊರಟ ದೋಣಿಯಲ್ಲೇ ಹೆತ್ತಳು, ಕೂಸು ದಡ ಸೇರುವವರೆಗೂ ಉಳಿಯಲಿಲ್ಲ. ಅದಕ್ಕೇ ಬೇರೆ ಕೆಲಸ ಬದಿಗಿಟ್ಟು ಇದನ್ನು ಮುಗಿಸಿದ್ದೆ. ಆಗ ಬಂದ ನೋಡು ನಿನ್ನ ಸೈಲೋಸಿ, ಇಸ್ತ್ರಿ ಮಾಡಿದ ಸುಲು ಪಂಚೆ ಉಟ್ಟು, ಕಂಕುಳಲ್ಲಿ ಚರ್ಮದ ಚೀಲ ಸಿಕ್ಕಿಸಿಕೊಂಡು. ಎರಡು ವರ್ಷ ಪಾಲಿಟೆಕ್ನಿಕ್ಕಿನ ಬೆಂಚು ಬಿಸಿ ಮಾಡಿ ಎದ್ದು ಬಂದವನು ನಡೆಯುವುದು ಮಾತ್ರ ದೇಶದ ಸೇತುವೆಗಳನ್ನೆಲ್ಲ ತಾನೇ ಕಟ್ಟಿದವನ ಹಾಗೆ. "ಅತ್ತಿಗೆ, ಕಟ್ಟಡ ಬೋಳು ಬೋಳಾಗಿದೆ, ಮುಂದೆ ಒಂದು ಮರ ಇರ್ಲಿ, ನಾನೇ ಬರ್ದಿದೀನಿ" ಎಂದ. ನಿಮ್ಮೂರಿನ ಹೆಣ್ಣುಮಗಳ ಮಗ, ಊರಿನದೇನು ಎತ್ತಿಕೊಂಡರೂ, ಏನು ಹೇರಿದರೂ ಯಾರೂ ಇಲ್ಲವೆನ್ನುವಂತಿಲ್ಲ, ಅದು ನಮ್ಮವರ ಸಂಪ್ರದಾಯ. ಸೊಸೆಯಾದ ನಾನು ಏನು ಹೇಳಲಿ? ನಾನು ಹೋಗಿ ಮೀನು ತರುವಷ್ಟರಲ್ಲಿ ಅವನೇ ನನ್ನ ಕಂಪ್ಯೂಟರಿನ ಮುಂದೆ ಕುಳಿತು ಮರ ಅಂಟಿಸಿಬಿಟ್ಟಿದ್ದ. ಸೊಟ್ಟ ಕಾಂಡ, ಒಂದು ಕೊಂಬೆ ಸುಮ್ಮನೆ ಸಮುದ್ರದ ಕಡೆಗೆ ಚಾಚಿಕೊಂಡಿದೆ. ನಕ್ಕುಬಿಟ್ಟೆ, ಮುದ್ರಿಸಿ ಕಚೇರಿಗೆ ಕೊಡು ಎಂದು ಎಲ್ಲವನ್ನೂ ಅವನ ಕೈಗೇ ಕೊಟ್ಟೆ.

ಆ ಮರವನ್ನು ಬರೆದದ್ದು ವಿದ್ಯಾರ್ಥಿಗಳಿಗೆ ಕಲಿಯಲೆಂದು ಪುಕ್ಕಟೆ ಕೊಡುವ ತಂತ್ರಾಂಶದಲ್ಲಿ. ನಾನು ವರ್ಷ ವರ್ಷ ಹಣ ಕಟ್ಟಿ ಇಟ್ಟುಕೊಂಡದ್ದರ ಪುಕ್ಕಟೆ ತಮ್ಮ. ಅದರಲ್ಲಿ ಎಳೆದ ಒಂದೇ ಗೆರೆ ಒಳಗೆ ಬಂದರೂ ಸಾಕು, ಹೇನು ಹತ್ತಿದ ಹಾಗೆ ಇಡೀ ಕಡತಕ್ಕೆ ಹತ್ತಿಕೊಳ್ಳುತ್ತದೆ. ಮುದ್ರಿಸಿದರೆ ಪ್ರತಿ ಹಾಳೆಯ ನಾಲ್ಕೂ ಅಂಚಿನಲ್ಲಿ 'ಇದು ವಿದ್ಯಾರ್ಥಿ ಆವೃತ್ತಿಯಲ್ಲಿ ತಯಾರಾದದ್ದು' ಎಂಬ ಸಾಲು. ಮರ ಅಳಿಸಿದರೂ ಆ ಸಾಲು ಹೋಗುವುದಿಲ್ಲ. ಕಂಪನಿಯವರಿಗೆ ಪುಕ್ಕಟೆಯದರಲ್ಲಿ ಹಣ ಮಾಡುವ ಕಳ್ಳನನ್ನು ಹಿಡಿಯುವ ಯೋಗ್ಯತೆ ಇಲ್ಲ, ಪಕ್ಕದವನ ಮುಖಕ್ಕೂ ಮಸಿ ಬಳಿಯುವ ಉಪಾಯ ಮಾತ್ರ ಹೊಳೆದಿದೆ.

ಇಷ್ಟಾದಾಗ ಅವನಿಗೆ ನನಗೆ ಹೇಳಬೇಕು ಎನ್ನಿಸಿತೇ? ಇಲ್ಲ. ಕತ್ತರಿ ತೆಗೆದುಕೊಂಡು ಎಲ್ಲ ಹಾಳೆಗಳ ಅಂಚನ್ನೂ ಕತ್ತರಿಸಿದ! ಅಂಚಿನ ಜೊತೆ ನನ್ನ ಹೆಸರು, ಸಹಿ, ಹಾಳೆಯ ಸಂಖ್ಯೆ, ಅಳತೆಯ ಗುರುತು ಎಲ್ಲವೂ ಹೋದವು. ಒಂದು ಹಾಳೆಯಲ್ಲಂತೂ ಹೆರಿಗೆ ಕೋಣೆಯ ಬಾಗಿಲೂ ಅರ್ಧ ಹೋಯಿತು. ಕತ್ತರಿಗೆ ತಪ್ಪಿಸಿಕೊಂಡ ಹಾಳೆಯೊಂದರಲ್ಲಿ ಆ ಸಾಲು ಹಾಗೇ ಉಳಿದಿತ್ತು. ಕಚೇರಿಯ ಹೆಂಗಸು ನನ್ನನ್ನು ಕರೆಸಿ, ಹಾಳೆಯನ್ನು ಎರಡು ಬೆರಳಲ್ಲಿ ಎತ್ತಿ ಹಿಡಿದು, "ಏನಮ್ಮ ಇದು, ಮಕ್ಕಳ ಸ್ಕೂಲ್ ಪ್ರಾಜೆಕ್ಟಾ?" ಎಂದು ಕೇಳಿದಳು. ಒಂದು ಗೆರೆಯನ್ನೂ ನೆಟ್ಟಗೆ ಎಳೆಯಲು ಬಾರದವಳು ನನ್ನನ್ನು ಮಕ್ಕಳ ಸಾಲಿಗೆ ಸೇರಿಸಿದಳು. ನಾಚಿಕೆಯಿಂದ ನನ್ನ ಕಿವಿ ಸುಟ್ಟುಹೋಯಿತು. ಶುಕ್ರವಾರದೊಳಗೆ ಹೊಸದಾಗಿ ತಂದುಕೊಟ್ಟರೆ ಸರಿ, ಇಲ್ಲದಿದ್ದರೆ ಇಲ್ಲ ಎಂದಳು. ಸೈಲೋಸಿಯನ್ನು ಹಿಡಿದು ಕೇಳಿದರೆ, "ಅಂಚು ತಾನೆ ಅತ್ತಿಗೆ, ಬ್ರೆಡ್ಡಿಂದು ಕತ್ತರ್ಸಲ್ವಾ?" ಎಂದ. ಅವನಿಗೆ ಏನೆಲ್ಲ ಬೈದೆ ಎಂದು ಇಲ್ಲಿ ಬರೆಯಲಾರೆ, ನಿಮ್ಮ ಕ್ಯಾಂಪಿನ ಪಾದ್ರಿಯೂ ಪತ್ರ ಓದುತ್ತಾನೇನೋ. ಪುಕ್ಕಟೆ ಸಿಕ್ಕಿದರೆ ಮರದ ನೆರಳನ್ನೂ ಮಡಚಿ ಮನೆಗೆ ಒಯ್ಯುವ ಜಾತಿ ನೀನು ಎಂದೆ. ತಲೆ ತಗ್ಗಿಸಿ ಕೇಳಿಸಿಕೊಂಡ. ಅದೊಂದು ವಿಚಿತ್ರ, ನಾನು ಬೈದು ಮುಗಿಸುವವರೆಗೂ ಎದ್ದು ಹೋಗದೆ ಕೂತೇ ಇದ್ದ.

ನಿನ್ನೆ ಕ್ಷಮೆ ಕೇಳಲು ಬಂದ. ಬರಿ ಬಾಯಲ್ಲಲ್ಲ, ಶಾಸ್ತ್ರೋಕ್ತವಾಗಿ, ತಿಮಿಂಗಿಲದ ಹಲ್ಲು ಹಿಡಿದು! ಚಾಪೆಯ ಮೇಲೆ ಕುಳಿತು ಗಂಭೀರ ಧ್ವನಿಯಲ್ಲಿ ದೊಡ್ಡ ಮಾತುಗಳನ್ನೆಲ್ಲ ಆಡಿದ. ಹಲ್ಲು ಮುಂದಿಟ್ಟ ಮೇಲೆ ಮುಗಿಯಿತಲ್ಲ, ಕ್ಷಮಿಸಲೇಬೇಕು. ಕೈಗೆ ತೆಗೆದುಕೊಂಡು ನೋಡಿದರೆ ಹಗ್ಗಕ್ಕೆ ನಾನೇ ಸುತ್ತಿದ್ದ ಕೆಂಪು ನೂಲು! ನಮ್ಮ ಮದುವೆಯಲ್ಲಿ ಕೊಟ್ಟ ಹಲ್ಲು ಆಪಿ, ನನ್ನ ಮಂಚದ ಕೆಳಗೆ ನಿನ್ನ ಅಮ್ಮನ ಪೆಟ್ಟಿಗೆಯಲ್ಲಿ ಇದ್ದದ್ದು. ಕೇಳಿದ್ದನಂತೆ, ಕೊಟ್ಟರಂತೆ. "ಸೋದರಳಿಯ ಕಣೇ, ಹೆಂಗೆ ಇಲ್ಲ ಅನ್ಲಿ?" ಎಂದು ನಿನ್ನ ಅಮ್ಮ ನಕ್ಕರು. ತಂತ್ರಾಂಶ ಪುಕ್ಕಟೆ, ಕ್ಷಮೆಯೂ ಪುಕ್ಕಟೆ, ಅದೂ ನನ್ನದೇ ಮನೆಯ ಸಾಮಾನಿನಲ್ಲಿ. ಇಂಥವರ ಜೊತೆ ನೀನು ಬೆಳೆದದ್ದೇ ಆಶ್ಚರ್ಯ. ನೀನೇನು ಕಡಿಮೆಯೇ? ಹೋದ ರಜೆಯಲ್ಲಿ ನನ್ನ ಪೆನ್ಸಿಲ್ ಎತ್ತಿಕೊಂಡು ಮನೆ ಬರೆಯಲು ಹೊರಟಾಗ, ನಿನ್ನ ಕೈಗೆ ಬಂದೂಕೇ ಸರಿ ಎಂದು ನಾನೇ ಕಿತ್ತುಕೊಂಡಿದ್ದೆನಲ್ಲ.

ಎಲ್ಲ ಹಾಳೆಗಳನ್ನೂ ಮೊದಲಿನಿಂದ ಹೊಸ ಕಡತದಲ್ಲಿ ಬರೆದೆ. ಬೆರಳು ಮರಗಟ್ಟಿವೆ. ಆ ದರಿದ್ರ ಮರಕ್ಕೆ ಜಾಗ ಕೊಟ್ಟಿಲ್ಲ. ನಾಳೆ ಬೆಳಿಗ್ಗೆ ನಾನೇ ಹೋಗಿ ಕೊಡುತ್ತೇನೆ, ಯಾವ ಅಳಿಯನ ಕೈಗೂ ಕೊಡುವುದಿಲ್ಲ. ಅಮ್ಮ ನಿನಗೆ ಆಶೀರ್ವಾದ ಹೇಳಿದ್ದಾರೆ, ಭಾನುವಾರ ಚರ್ಚಿನಲ್ಲಿ ನಿನ್ನ ಹೆಸರು ಹೇಳಿ ಪ್ರಾರ್ಥಿಸಿದೆವು. ದೇವರು ನಿನ್ನನ್ನು ಕಾಯಲಿ. ತಲೆಗೆ ಟೋಪಿ ಹಾಕಿಕೋ.

ನಿನ್ನ,
ವಿಲಿಮೈನಾ

ಮರೆತೆ, ಅಲ್ಲ, ಈಗಷ್ಟೇ ತಿಳಿಯಿತು: ಲಕೋಟೆಗೆ ಅಂಟು ಹಚ್ಚುತ್ತಿದ್ದಾಗ ಅಮ್ಮ ಕೆಟ್ಟುಹೋದ ಹಾಳೆಯೊಂದರಲ್ಲಿ ಗಾಳಿ ಬೀಸಿಕೊಳ್ಳುತ್ತಿದ್ದರು. ಇದ್ದಕ್ಕಿದ್ದ ಹಾಗೆ ಕೈ ನಿಲ್ಲಿಸಿ, "ಇದು ನಮ್ಮನೆ ದೀವಿಹಲಸು ಕಣೇ! ಆಪಿ ಬಿದ್ದು ಕೈ ಮುರ್ಕೊಂಡಿದ್ನಲ್ಲ, ಆ ಕೊಂಬೆ. ಗಾಳಿಮಳೇಲಿ ಹೋಯ್ತಲ್ಲ ಅದು, ಸೈಲೋಸಿ ಎಲ್ಲಿ ನೋಡಿದ್ದ? ಅವ್ನು ಊರಿಗೆ ಬಂದಿದ್ದೇ ಆಮೇಲೆ" ಎಂದರು. ಅವನಿಗೆ ಫೋನ್ ಮಾಡಿದೆ. "ಆಪೀನೇ ಬರ್ದು ಕಳ್ಸಿದ್ದು ಅತ್ತಿಗೆ. ಕ್ಯಾಂಪಲ್ಲಿ ವಿದ್ಯಾರ್ಥಿ ಅಂತ ಸೇರ್ಕೊಂಡು ನಕ್ಷೆ ಬರೆಯೋದು ಕಲೀತಿದಾನೆ. ಬಂದ್ಮೇಲೆ ನಿನ್ ಮೇಜಲ್ಲೇ ಕೂತು ಕೆಲ್ಸ ಮಾಡ್ಬೇಕಂತೆ. ನಿನ್ ನಕ್ಷೇಲಿ ತಂದೊಂದು ಗೆರೆ ಇರ್ಬೇಕು ಅಂದ. ಬಾಯಿಬಿಟ್ರೆ ಹಲ್ಲು ಉದುರಿಸ್ತೀನಿ ಅಂದಿದ್ದ" ಎಂದು ಒಂದೇ ಉಸಿರಿಗೆ ಒದರಿ ನಕ್ಕ. ನನಗೆ ಅಳು ಬಂತು. ಇಬ್ಬರೂ ಮುಠ್ಠಾಳರು. ಮರವನ್ನು ನನ್ನ ಕಡತದಲ್ಲಿ ನಾನೇ ಗೆರೆ ಗೆರೆಯಾಗಿ ಮತ್ತೆ ಬರೆದೆ, ಆ ಕೊಂಬೆಯ ಸಮೇತ. ಕಾಂಡ ಸೊಟ್ಟ ಎಳೆದಿದ್ದೀಯ, ಸೊಟ್ಟಗೇ ಬಿಟ್ಟಿದ್ದೇನೆ. ಇನ್ನು ಸೈಲೋಸಿಯ ಹತ್ತಿರ ನಾನೇ ಕ್ಷಮೆ ಕೇಳಲು ಹೋಗಬೇಕು, ಮನೆಯಲ್ಲಿ ಬೇರೆ ಹಲ್ಲು ಇಲ್ಲ, ಅದನ್ನೇ ಒಯ್ಯುತ್ತೇನೆ. ಇನ್ನೊಂದು ವರ್ಷಕ್ಕೆ ಸಹಿ ಹಾಕಬೇಡ ಆಪಿ. ಅರ್ಧ ಮೇಜು ಖಾಲಿ ಮಾಡಿದ್ದೇನೆ. ಆದರೆ ಆ ಪುಕ್ಕಟೆ ತಂತ್ರಾಂಶವನ್ನು ಅಳಿಸದೆ ನನ್ನ ಹೊಸ್ತಿಲು ದಾಟಬೇಡ.