ಗಂಡನೇ ಬರೆಯಬೇಕಾದ ಆಹ್ವಾನ

ಮಾರ್ಚ್ 3. ಕ್ವಾಲಾಲಂಪುರ, ಎಲ್‌ಆರ್‌ಟಿ ರೈಲಿನಲ್ಲಿ.
ಇವತ್ತೂ ಪೂರ್ತಿ ಮಾತಾಡಲಿಲ್ಲ. "ವಿನೋದಾ, ಒಂದ್ನಿಮಿಷ, ಯಾರೋ ಪಾಪ ಪಾಸ್‌ಪೋರ್ಟ್ ಕಳ್ಕೊಂಡಿದಾರೆ" ಅಂತ ಫೋನ್ ಇಟ್ಟರು ನಮ್ಮ ಯಜಮಾನರು. ಕೆಲಸಕ್ಕೆಂದು ಸುಝೌಗೆ ಹೋಗಿ ಎರಡು ವರ್ಷ. ಚೀನಾದ ಕನ್ನಡಿಗರಿಗೆಲ್ಲ ಇವರು ರಮಾನಂದಣ್ಣ. ಹೊಸ ಮನೆಗೆ ಹೋದ ಕೂಡಲೇ ಪೊಲೀಸ್ ಠಾಣೆಯಲ್ಲಿ ಹೆಸರು ಬರೆಸಿ, ವಾಸದ ಪರ್ಮಿಟ್ ರಿನ್ಯೂ ಮಾಡುವಾಗ ಪಾಸ್‌ಪೋರ್ಟ್ ಪೊಲೀಸರ ಹತ್ತಿರವೇ ಇರುತ್ತೆ, ಆಗ ಊರಿಗೆ ಟಿಕೆಟ್ ಮಾಡಬೇಡಿ... ಎಲ್ಲರಿಗೂ ಉತ್ತರ ರೆಡಿ. ನನ್ನ ವೀಸಾ ಕೇಳಿದರೆ ಮಾತ್ರ, "ಇಲ್ಲಿ ಸರ್ಕಾರದ ಕೆಲಸ ಕಣೇ, ನಿಧಾನ."
ಅವರು ಬಾ ಅಂದರೆಂದೇ ರಾಜೀನಾಮೆ ಕೊಟ್ಟೆ. ಈ ತಿಂಗಳು ಮುಗಿದರೆ ಕೆಲಸವಿಲ್ಲ. ಕೆಲಸವಿಲ್ಲದಿದ್ದರೆ ಮಲೇಷ್ಯಾದಲ್ಲಿ ಇರುವ ಹಾಗೂ ಇಲ್ಲ.

ಮಾರ್ಚ್ 4
ಮತ್ತೆ ಕೇಳಿದೆ. "ನಿಧಾನ."

ಮಾರ್ಚ್ 11. ಊಟದ ಹೊತ್ತು.
ಮಮಕ್ ಅಂಗಡಿ, ಅಂದರೆ ಇಲ್ಲಿನ ತಮಿಳು ಮುಸ್ಲಿಮರ ಹೋಟೆಲು. ಎದುರಿಗೆ ಜಲಜಾ — ಆಫೀಸಿನಲ್ಲಿ ಪಕ್ಕದ ಸೀಟು, ಕುಂದಾಪುರದವಳು. ಇಲ್ಲೇ ಇರುವ ಅವಳ ತಂಗಿ ಗಾನವಿಯ ಗಂಡನೂ ಈಗ ಸುಝೌನಲ್ಲಿ. ಪರೋಟದಂಥ ರೊಟ್ಟಿ ಚನಾಯ್ ಮುರಿಯುತ್ತಾ ಅಂದಳು, "ನಿನ್ ಗಂಡ ದೇವ್ರು ಮಾರಾಯ್ತಿ. ಕೇಣ್ ಕಾಂಬ." ಗಾನವಿಗೆ ನಮ್ಮ ಯಜಮಾನರು ಕಳಿಸಿದ ವಾಯ್ಸ್ ನೋಟ್ ಹಾಕಿ ಕೇಳಿಸಿದಳು.
"ಬಹಳ ಸುಲಭ ಕಣಮ್ಮ. ಮದುವೆ ಸರ್ಟಿಫಿಕೇಟಿಗೆ ನಮ್ಮ ವಿದೇಶಾಂಗ ಇಲಾಖೆಯ ಅಪೊಸ್ಟಿಲ್ ಮುದ್ರೆ. ಗಂಡನ ಪಾಸ್‌ಪೋರ್ಟ್, ಪರ್ಮಿಟ್ ಕಾಪಿ. ಒಂದು ಆಹ್ವಾನ ಪತ್ರ, ಅದನ್ನ ಗಂಡನೇ ಬರೆಯೋದು, ಹತ್ತು ಸಾಲು. ಕೆಎಲ್‌ನಲ್ಲೇ ಅರ್ಜಿ ಹಾಕು. ಅವನೇನಾದ್ರೂ ತಡ ಮಾಡಿದ್ರೆ ನನಗೆ ಹೇಳು, ಕಿವಿ ಹಿಂಡ್ತೀನಿ!"
ಕೊನೆಗೆ ಆ ನಗು. ಜಲಜಾಳೂ ನಕ್ಕಳು. ನನ್ನ ಮುಖ ನೋಡಿ ನಿಲ್ಲಿಸಿದಳು. "ಎಂತ ಆಯ್ತೆ?"
ನನ್ನ ಸರ್ಟಿಫಿಕೇಟಿಗೆ ಮುದ್ರೆ ಯಾವತ್ತೋ ಬಿದ್ದಿದೆ. ಪತ್ರ ಒಂದೇ ಬಾಕಿ. ಸರ್ಕಾರವಂತೆ ಸರ್ಕಾರ!

ಅದೇ ದಿನ, ಸಂಜೆ
ನಮ್ಮಜ್ಜಿ ಕಥೆ ಹೇಳುವಾಗ ಹೂಂ ಅನ್ನಬೇಕಿತ್ತು. ಹೂಂ ನಿಂತರೆ ಕಥೆಯೂ ನಿಲ್ಲುತ್ತಿತ್ತು. ನಾನು ಎರಡು ವರ್ಷ ಹೂಂಗುಟ್ಟಿದೆನಲ್ಲ, ನನ್ನ ಬಾಯಿಗಿಷ್ಟು ಬೆಂಕಿ ಹಾಕ.
ಫೋನ್ ಮಾಡಿದೆ. "ಗಾನವಿಗೆ ಹತ್ತು ಸಾಲು, ನನಗೆ ಸರ್ಕಾರವೇನ್ರೀ?"
"ಅದು ಬೇರೆ, ಇದು ಬೇರೆ ಕಣೇ."
"ಯಾರಿದಾಳೆ ಅಲ್ಲಿ?"
"ಯಾರೂ ಇಲ್ಲ, ದೇವರಾಣೆ. ಒಬ್ಬನೇ ಇದ್ದು ಅಭ್ಯಾಸ ಆಗೋಗಿದೆ ಕಣೇ."
"ಮತ್ತೆ ಬಾ ಅಂದಿದ್ದು?"
"ನೀನು ಪದೇ ಪದೇ ಕೇಳ್ತಿದ್ದೆಯಲ್ಲ..."
ಯಾವಳಾದರೂ ಇದ್ದಿದ್ದರೆ ಹೋಗಿ ಜುಟ್ಟು ಹಿಡಿಯುತ್ತಿದ್ದೆ. ಅಭ್ಯಾಸಕ್ಕೆ ಜುಟ್ಟು ಎಲ್ಲಿದೆ?

ಮಾರ್ಚ್ 19
ಪತ್ರ ಬಂತು. ಬಹಳ ಅಚ್ಚುಕಟ್ಟು. ಸಂಬಂಧ: ಪತ್ನಿ. ಖರ್ಚೆಲ್ಲ ತನ್ನದು. ತಂಗುವ ಅವಧಿ: ಮೂವತ್ತು ದಿನ.
ಎರಡು ಸಲ ಓದಿದೆ. ಸಂಸಾರ ಮಾಡಲು ಬರುವವಳಿಗೆ ಬೇರೆ ವೀಸಾ ಇದೆ, ವರ್ಷಗಟ್ಟಲೆ ಇರುವಂಥದ್ದು. ಇವನಿಗೆ ಗೊತ್ತಿಲ್ಲವೇ? ನೆಂಟರನ್ನು ಕರೆದ ಹಾಗೆ ಕರೆದಿದ್ದಾನೆ. ಉಂಡು, ಊರು ನೋಡಿ, ಹೊರಡು ಅಂತ.

ಮಾರ್ಚ್ 20
ರಾಜೀನಾಮೆ ವಾಪಸ್ ಕೇಳಿದೆ. ಬಾಸ್ ತಲೆ ಮೇಲೆ ಕೈ ಇಟ್ಟುಕೊಂಡರು. "ಅಯ್ಯೋ ವಿನೋದಾ, ವೈ ಸೋ ಲೇಟ್ ಲಾ?"
ಯಾಕೆ ಲೇಟಾಯಿತು ಅಂತ ಯಾವ ಬಾಯಲ್ಲಿ ಹೇಳಲಿ.

ಮಾರ್ಚ್ 25. ಸಂಜೆ.
ಎಚ್‌ಆರ್‌ನವಳು ಕರೆದಳು. ಕೆಲಸ ಉಳಿಯಿತು. ಬಾತ್‌ರೂಮಿಗೆ ಹೋಗಿ ಅತ್ತೆ. ಖುಷಿಗಲ್ಲ, ಸಿಟ್ಟಿಗೆ.
ಈಗ ವೀಚಾಟ್‌ನಲ್ಲಿ ಇವನ ಮೆಸೇಜು: "ವೀಸಾ ಅಪಾಯಿಂಟ್‌ಮೆಂಟ್ ಆಯ್ತಾ? ಫೋಟೋ ಬಿಳಿ ಬ್ಯಾಕ್‌ಗ್ರೌಂಡ್ ಇರಲಿ."
ಬರೆದೆ: "ನಾನು ಬರಲ್ಲ. ನಿಮಗೆ ಬೇಕಿದ್ದರೆ ನೀವೇ ಬನ್ನಿ." ಎರಡನೇ ವಾಕ್ಯ ಅಳಿಸಿದೆ. ಕಳಿಸಿದೆ.
ಟೈಪ್ ಮಾಡುತ್ತಿದ್ದಾನೆ. ನಿಲ್ಲಿಸಿದ. ಮತ್ತೆ ಶುರು. ಏನಾದರೂ ಬರೆಯಲಿ, ಈ ಸಲ ನಾನು ಹೂಂ ಅನ್ನಲ್ಲ.