ತೊಡೆಯವರೆಗಿನ ನೀರಿಗೆ ಹೆಸರೇನು, ಮಾನ್ಯರೇ?

ಜಿಲ್ಲಾ ಮಾಹಿತಿ ಕಚೇರಿಯ ಮುಖ್ಯಾಧಿಕಾರಿಗಳಾದ ಮಾನ್ಯರೇ,

ಸಮುದ್ರ ನನ್ನ ಮನೆಯೊಳಗೆ ಬಂದಿದೆ ಎಂದು ನಾನು ಬರೆದೆ. ತಾವು ಸಮುದ್ರವನ್ನು ಬಿಟ್ಟು ನನ್ನನ್ನು ತಡೆದಿರಿ. ಅಂತರ್ಜಾಲದಲ್ಲಿ ನಾನು ನಡೆಸುತ್ತಿದ್ದ ‘ಇವತ್ತಿನ ನೀರು’ ಎಂಬ ಪುಟ ತಮ್ಮ ಆದೇಶದಿಂದ ಮುಚ್ಚಿ ಇಂದಿಗೆ ಇಪ್ಪತ್ತಾರು ದಿನ. ಈ ಪತ್ರವನ್ನು ಅಲ್ಲಿ ಹಾಕುವಂತಿಲ್ಲ. ಆದ್ದರಿಂದ ಮೀನು ಮಾರುಕಟ್ಟೆಯ ಗೋಡೆಗೆ ಅಂಟಿಸಿದ್ದೇನೆ, ಒಂದು ಪ್ರತಿಯನ್ನು ಪತ್ರಿಕೆಗೂ ಕಳಿಸಿದ್ದೇನೆ. ಗೋಡೆಗಳನ್ನು ನಿರ್ಬಂಧಿಸುವ ಕಾನೂನು ಇನ್ನೂ ಬಂದಿಲ್ಲವೆಂದು ನಂಬಿದ್ದೇನೆ. ಬಂದಿದ್ದರೆ ಗೋಡೆಯನ್ನು ಮಾತ್ರ ಕೆಡವಬೇಡಿ, ಅದರ ಆ ಬದಿಗೆ ಮಂಜುಗಡ್ಡೆಯ ಅಂಗಡಿಯಿದೆ.

ನಾನು ಕಸ್ಮೋನಾ. ಕೇರಿಯವರು ಅಮ್ಮ ಎನ್ನುವಂತೆ ‘ಬು’ ಎಂದು ಕರೆಯುತ್ತಾರೆ. ಜಾವಾದ ಉತ್ತರ ದಂಡೆಯ ಈ ಊರಿನಲ್ಲಿ ಮೂವತ್ತು ವರ್ಷಗಳಿಂದ ಮೀನನ್ನು ಉಪ್ಪುನೀರಿನಲ್ಲಿ ಬೇಯಿಸಿ ಮಾರುತ್ತಿದ್ದೇನೆ. ಬೆಳಗಿನ ಪ್ರಾರ್ಥನೆ ಮುಗಿದೊಡನೆ ಒಲೆ ಹಚ್ಚುವವಳಾದ್ದರಿಂದ ಕೇರಿಯಲ್ಲಿ ನೀರೇರಿದ್ದು ಮೊದಲು ಕಾಣುವುದು ನನಗೇ. ಇಲ್ಲಿ ನೆಲ ವರ್ಷವರ್ಷವೂ ಕುಸಿಯುತ್ತಿದೆ, ಉಬ್ಬರ ಬಂದರೆ ಒಂದು ಹನಿ ಮಳೆಯಿಲ್ಲದೆಯೂ ಸಮುದ್ರ ಬೀದಿಗೆ ಬರುತ್ತದೆ. ತಮಗೆ ಇದನ್ನು ಹೇಳಬೇಕಾಗಿಲ್ಲ, ತಮ್ಮ ಕಚೇರಿಗೂ ಬರುತ್ತದೆ.

ಮೂರು ವರ್ಷದ ಹಿಂದೆ ಒಂದು ಬೆಳಿಗ್ಗೆ ಮಸೀದಿಯ ಮುಂದಿನ ರಸ್ತೆಯಲ್ಲಿ ನಿಂತು ನನ್ನ ಕಾಲಿನ ಫೋಟೊ ತೆಗೆದು ಹಾಕಿದೆ. ‘ಮೀನಖಂಡದವರೆಗೆ. ಸ್ಕೂಟರ್ ಬೇಡ.’ ಇಷ್ಟೇ ಬರೆದದ್ದು. ಮರುದಿನ ಜನ ಮತ್ತೆ ಕೇಳಿದರು, ಮತ್ತೆ ಹಾಕಿದೆ. ಸೌಂದರ್ಯ ಸ್ಪರ್ಧೆಗೆ ಕಳಿಸುವಂಥ ಕಾಲಲ್ಲ ನನ್ನದು. ಆದರೂ ದಿನವೂ ಬೆಳಿಗ್ಗೆ ಆರಕ್ಕೆ ನಾಲ್ಕು ಸಾವಿರ ಜನ ಅದನ್ನು ನೋಡುತ್ತಿದ್ದರು. ಮೀನಿನ ಬುಟ್ಟಿಗಳನ್ನು ಸಾಗಿಸುವ ನೆರೆಮನೆಯ ಪಾಕ್ ತಸ್ರಿಪ್ ಬೇಲಿಯಾಚೆಯಿಂದ ಹೇಳುತ್ತಿದ್ದರು, “ಬು, ಬೇಗ ಹಾಕಿ. ನಿಮ್ಮ ಕಾಲು ನೋಡ್ದೆ ನಾನು ಗಾಡಿ ತೆಗೆಯೋದಿಲ್ಲ.”

ಒಳಗಿನಿಂದ ಅವರ ಹೆಂಡತಿಯ ದನಿ ಬರುತ್ತಿತ್ತು, “ಮದುವೆಯಾಗಿ ಇಪ್ಪತ್ತೆಂಟು ವರ್ಷ ಆಯ್ತು, ನನ್ನ ಕಾಲನ್ನ ಒಂದಿನ ಹಿಂಗೆ ಕಾದು ನೋಡ್ಲಿಲ್ಲ ಈ ಮನುಷ್ಯ.”

ಈ ಮೂರು ವರ್ಷದಲ್ಲಿ ಒಮ್ಮೆ ನಾನೂ ಸುಳ್ಳು ಬರೆದೆ, ಒಪ್ಪಿಕೊಳ್ಳುತ್ತೇನೆ. ಕತ್ತಲೆ ಪೂರ್ತಿ ಹರಿದಿರಲಿಲ್ಲ, ಗೊತ್ತಿಲ್ಲದೆ ಒಂದು ಇಟ್ಟಿಗೆಯ ಮೇಲೆ ನಿಂತು ‘ಪಾದ ಮಾತ್ರ’ ಎಂದು ಬರೆದುಬಿಟ್ಟೆ. ಹತ್ತು ನಿಮಿಷದೊಳಗೆ ನಲವತ್ತು ಜನ ಬೈದರು. “ಬು, ನೀವು ಕುರ್ಚಿ ಮೇಲೆ ನಿಂತಿದೀರಾ?” ಎಂದು ಒಬ್ಬ ಕೇಳಿದ. ಕೆಳಗಿಳಿದು, ಹೊಸ ಫೋಟೊ ತೆಗೆದು, ಕ್ಷಮೆ ಕೇಳಿದೆ. ಮಾನ್ಯರೇ, ಸುಳ್ಳು ಸುದ್ದಿಗೆ ನನಗೆ ಗೊತ್ತಿರುವ ಮದ್ದು ಇದೊಂದೇ: ಬೈಯಲು ಬಾಯಿರುವ ನಲವತ್ತು ಜನ. ತಮ್ಮ ಕಚೇರಿಯ ದೈನಂದಿನ ಪ್ರಕಟಣೆ ಇದುವರೆಗೆ ಎಷ್ಟು ಸಲ ತಿದ್ದುಪಡಿಯಾಗಿದೆ? ಒಂದು ಸಲವೂ ಇಲ್ಲ. ಅದು ಎಂದೂ ತಪ್ಪಿಲ್ಲವೆಂದೋ, ಅಥವಾ ಅಲ್ಲಿ ಬೈಯಲು ಯಾರಿಗೂ ಜಾಗವಿಲ್ಲವೆಂದೋ?

ಜಿಲ್ಲೆಗೆ ‘ನೆರೆಮುಕ್ತ ಜಿಲ್ಲೆ’ ಎಂಬ ಫಲಕ ಬಂದ ವಾರದಲ್ಲೇ ನಾನು ‘ಇವತ್ತು ನೆರೆ, ಮೊಣಕಾಲಿನವರೆಗೆ’ ಎಂದು ಬರೆದೆ. ಫಲಕದ ಸಂಗತಿ ನನಗೆ ಗೊತ್ತಿರಲಿಲ್ಲ, ನೀರಿಗೂ ಗೊತ್ತಿರಲಿಲ್ಲವೆಂದು ಕಾಣುತ್ತದೆ. ಮೂರನೆಯ ದಿನ ನೋಟಿಸು ಬಂತು. ವಿದ್ಯುನ್ಮಾನ ಮಾಹಿತಿ ಕಾನೂನಿನ ಪ್ರಕಾರ ನಾನು ಸುಳ್ಳು ಹರಡಿ ಸಾರ್ವಜನಿಕರಲ್ಲಿ ಆತಂಕ ಮೂಡಿಸಿದ್ದೆನಂತೆ. ಚಪ್ಪಲಿಯನ್ನು ಕೈಯಲ್ಲಿ ಹಿಡಿದು, ಉಟ್ಟ ಬಟ್ಟೆಯನ್ನು ಎತ್ತಿ ಕಟ್ಟಿಕೊಂಡು ತಮ್ಮ ಕಚೇರಿಗೆ ಬಂದೆ. ತಾವಿರಲಿಲ್ಲ. ತಮ್ಮ ಕಿರಿಯ ಸಿಬ್ಬಂದಿಯೊಬ್ಬ ವಿನಯದಿಂದ ಕೂರಿಸಿದ.

“ಬು ಕಸ್ಮೋನಾ, ನೀವು ನೆರೆ ಅಂತ ಬರ್ದಿದೀರಿ.”

“ಹೌದು ಮಗಾ.”

“ಜಿಲ್ಲೆಯಲ್ಲಿ ಈ ವರ್ಷ ನೆರೆ ಇಲ್ಲ. ಸರ್ಟಿಫಿಕೇಟ್ ಬಂದಿದೆ.”

“ಹಂಗಾದ್ರೆ ನಿನ್ನ ಪ್ಯಾಂಟ್ ಯಾಕೆ ಮಡಚ್ಕೊಂಡಿದೀಯ?”

ಆತ ಮೇಜಿನ ಕೆಳಗೆ ಬಗ್ಗಿ ನೋಡಿದ. ನಮ್ಮಿಬ್ಬರ ಪಾದಗಳೂ ನೀರಿನಲ್ಲಿದ್ದವು. “ಇದು ತಾತ್ಕಾಲಿಕ ಜಲ ಉಪಸ್ಥಿತಿ ಬು. ನೀವೂ ಹಂಗೇ ಬರೀಬೇಕು.”

“ಹಂಗಂದ್ರೆ?”

“ಬರುತ್ತೆ, ಹೋಗುತ್ತೆ.”

“ನಮ್ಮನೇಗೆ ಬಂದಿದ್ದು ನಾಲ್ಕು ದಿನ ಆಯ್ತು, ಹೋಗಿಲ್ವಲ್ಲ.”

“ಅದಕ್ಕೆ ಪದ ಇನ್ನೂ ಬಂದಿಲ್ಲ,” ಎಂದ, ಬಹಳ ಸಂಕೋಚದಿಂದ.

ಹೊರಡುವಾಗ ಆ ಹುಡುಗ ಬಾಗಿಲ ಬಳಿ ಇನ್ನೊಂದು ಮಾತು ಹೇಳಿದ. ಅದನ್ನು ಬರೆಯುವುದಿಲ್ಲ, ಅವನ ಕೆಲಸಕ್ಕೆ ಕುತ್ತು ಬಂದೀತು. ಗೊತ್ತಿರುವುದನ್ನೆಲ್ಲ ಬರೆಯಬೇಕಾಗಿಲ್ಲ ಎಂಬುದು ನನಗೂ ತಿಳಿಯುತ್ತದೆ ಮಾನ್ಯರೇ. ಯಾವುದನ್ನು ಬಿಡಬೇಕೆಂದು ನಾನೇ ಯೋಚಿಸಿ ಬಿಟ್ಟರೆ ಅದು ವಿವೇಕ. ತಾವು ನನ್ನ ಬಾಯಿ ಕಟ್ಟಿ ಬಿಡುವಂತೆ ಮಾಡಿದರೆ ಅದಕ್ಕೆ ಬೇರೆ ಹೆಸರಿದೆ.

ಮರುದಿನ ತಮ್ಮ ಆಜ್ಞೆಯನ್ನು ಅಕ್ಷರಶಃ ಪಾಲಿಸಿದೆ. ‘ಇವತ್ತು ತಾತ್ಕಾಲಿಕ ಜಲ ಉಪಸ್ಥಿತಿ, ತೊಡೆಯವರೆಗೆ. ಗಾಡಿ ತೆಗೆಯಬೇಡಿ.’ ಮಧ್ಯಾಹ್ನದ ಹೊತ್ತಿಗೆ ಇಡೀ ದಂಡೆಯೇ ನಗುತ್ತಿತ್ತು. “ನಮ್ಮ ಅಡಿಗೆಮನೇಲಿ ಜಲ ಉಪಸ್ಥಿತರಿದ್ದಾರೆ, ಚಹಾ ಕೊಡ್ಲಾ?” ಎಂದು ಒಬ್ಬಳು ಬರೆದಳು. ಶುಕ್ರವಾರ ನನ್ನ ಪುಟ ಮಾಯವಾಯಿತು. ಕಾರಣ: ಅಧಿಕೃತ ಪದಕ್ಕೆ ಅಗೌರವ. ನೆರೆ ಎಂದರೆ ಸುಳ್ಳು, ತಾವು ಕೊಟ್ಟ ಪದ ಬಳಸಿದರೆ ಅಗೌರವ. ಹಾಗಾದರೆ ತೊಡೆಯವರೆಗಿನ ನೀರಿನಲ್ಲಿ ನಿಂತವಳು ಏನೆನ್ನಬೇಕು? ಹವೆ ಚೆನ್ನಾಗಿದೆ ಎನ್ನಬೇಕೇ?

ಇಲ್ಲಿಯವರೆಗಿನದು ನಗುವ ಮಾತು. ನಾನೂ ನಕ್ಕಿದ್ದೆ. ಪುಟ ಮುಚ್ಚಿದ ಮುಂದಿನ ಬುಧವಾರ ನಡೆದದ್ದನ್ನು ನಗದೆ ಓದಿ.

ನಮ್ಮ ಹಿಂದಿನ ಮನೆಯ ಲಾಸ್ತ್ರಿಗೆ ಬೆಳಿಗ್ಗೆ, ನಾನು ಮಾರುಕಟ್ಟೆಗೆ ಹೋದ ಮೇಲೆ, ಹೆರಿಗೆ ನೋವು ಶುರುವಾಯಿತು. ಆಸ್ಪತ್ರೆಗೆ ಎರಡು ದಾರಿ: ಮೀನುಕೊಳಗಳ ನಡುವಿನ ಕೆಳದಾರಿ, ರೈಲು ಹಳಿಯ ಪಕ್ಕದ ದೂರದ ಮೇಲ್ದಾರಿ. ಗಂಡ ಸುಗೆಂಗ್ ಅಭ್ಯಾಸಬಲದಿಂದ ನನ್ನ ಪುಟ ಹುಡುಕಿದ. ಸಿಗಲಿಲ್ಲ. “ಬು ಏನೂ ಹಾಕಿಲ್ಲ ಅಂದ್ರೆ ನೀರು ಇಲ್ಲ ಅಂತ್ಲೇ,” ಎಂದಳಂತೆ, ಪುಟ ಮುಚ್ಚಿದ್ದು ತಿಳಿಯದ ಅವನ ತಾಯಿ. ತಮ್ಮ ಪ್ರಕಟಣೆಯನ್ನೂ ನೋಡಿದ. ‘ಜಿಲ್ಲೆಯಾದ್ಯಂತ ಪರಿಸ್ಥಿತಿ ಅನುಕೂಲಕರ’ ಎಂದಿತ್ತು. ಹತ್ತಿರದ ಕೆಳದಾರಿಯಲ್ಲೇ ಬೈಕು ಓಡಿಸಿದ. ಅರ್ಧದಲ್ಲಿ ನೀರು ಎಂಜಿನ್ನಿಗೆ ನುಗ್ಗಿತು. ಹೆಂಡತಿಯನ್ನು ಇಳಿಸಿ ನಡೆಸಿದ. ನೀರು ಸೊಂಟಕ್ಕೆ ಬಂತು. ಕೊಳ ಕಾಯುವ ಇಬ್ಬರು ಬಿದಿರಿನ ತೆಪ್ಪ ತಂದು ಅವಳನ್ನು ಮಲಗಿಸಿಕೊಂಡರು. ಆಸ್ಪತ್ರೆ ದೂರವೇ ಉಳಿಯಿತು, ಮಗು ತೆಪ್ಪದ ಮೇಲೇ ಹುಟ್ಟಿತು. ಹೆಣ್ಣುಮಗು, ಚೆನ್ನಾಗಿದೆ. ಲಾಸ್ತ್ರಿ ಮಾತ್ರ ಆ ಕೊಳೆನೀರಿನಿಂದ ಜ್ವರವೇರಿ ಹನ್ನೊಂದು ದಿನ ಆಸ್ಪತ್ರೆಯಲ್ಲಿದ್ದಳು. ಅದರಲ್ಲಿ ಮೂರು ದಿನ ಅವಳಿಗೆ ಯಾರ ಗುರುತೂ ಸಿಗುತ್ತಿರಲಿಲ್ಲ.

ನೋಡಲು ಹೋದಾಗ ನನ್ನ ಕೈ ಹಿಡಿದುಕೊಂಡಳು. “ನಿಮ್ಮ ಕಾಲು ಕಂಡಿದ್ರೆ ಮೇಲಿನ ದಾರೀಲಿ ಹೋಗ್ತಿದ್ವಿ ಬು,” ಎಂದಳು. ಬೈಯುವ ದನಿಯಲ್ಲಿ ಅಲ್ಲ, ಸುಮ್ಮನೆ. ಹೊರಗೆ ಬಂದು ಮೆಟ್ಟಿಲ ಮೇಲೆ ಕೂತು ಅತ್ತೆ, ಆಮೇಲೆ ಈ ಪತ್ರ ಬರೆಯಬೇಕೆಂದುಕೊಂಡೆ.

ಆತಂಕ, ಆತಂಕ ಎನ್ನುತ್ತೀರಿ. ನೀರು ಬರುವುದು ಗೊತ್ತಾದರೆ ನಮ್ಮ ಜನ ಹಾಸಿಗೆಯನ್ನು ಅಟ್ಟಕ್ಕೇರಿಸುತ್ತಾರೆ, ಅಕ್ಕಿಯ ಚೀಲ ಎತ್ತಿಡುತ್ತಾರೆ, ಮಕ್ಕಳ ಬೂಟನ್ನು ಚೀಲಕ್ಕೆ ಹಾಕುತ್ತಾರೆ. ಮೂರು ವರ್ಷದಲ್ಲಿ ನನ್ನ ಕಾಲು ನೋಡಿ ಚೀರಿದವರು ಯಾರೂ ಇಲ್ಲ. ನಿಜವಾದ ಆತಂಕ ಅನುಭವಿಸಿದವನು ಸುಗೆಂಗ್, ತಮ್ಮ ‘ಅನುಕೂಲಕರ ಪರಿಸ್ಥಿತಿ’ಯ ನಟ್ಟನಡುವೆ. ಒಂದು ಪದವನ್ನು ಅಳಿಸಿದರೆ ಒಂದು ಬೆರಳಿನಷ್ಟಾದರೂ ನೀರು ಇಳಿಯುವುದಾದರೆ ನನ್ನ ಇಡೀ ಭಾಷೆಯನ್ನೇ ಅಳಿಸಿ, ಸಂತೋಷದಿಂದ ಮೂಕಿಯಾಗಿರುತ್ತೇನೆ. ಇಳಿಯಿತೇ?

ಆದ್ದರಿಂದ ನನ್ನ ಬೇಡಿಕೆ. ನನ್ನ ಪುಟ ತೆರೆಯಿರಿ, ನನ್ನ ಮೇಲಿನ ದೂರನ್ನು ಹಿಂತೆಗೆದುಕೊಳ್ಳಿ. ಸುಳ್ಳು ಯಾವುದೆಂದು ತೀರ್ಮಾನಿಸುವವರು ಯಾರು, ಅವರೇ ತಪ್ಪಿದರೆ ನಾವು ಯಾರ ಬಾಗಿಲಿಗೆ ಹೋಗಬೇಕು ಎಂಬುದನ್ನು ಎಲ್ಲರಿಗೂ ಕಾಣುವಂತೆ ಬರೆದು ಹಾಕಿ. ನನ್ನ ಜೊತೆಗೆ ಈ ಜಿಲ್ಲೆಯಲ್ಲಿ ಇನ್ನೂ ಐದು ಪುಟಗಳನ್ನು ಮುಚ್ಚಿದ್ದೀರಿ, ಅವನ್ನೂ ತೆರೆಯಿರಿ. ಅದರಲ್ಲೊಂದು ಜಯಾದಿ ಎಂಬವನದು. ಹೊಸ ಸೇತುವೆಯನ್ನು ಗೇಲಿ ಮಾಡಿ ಹಾಡು ಕಟ್ಟಿದನೆಂದು ಮುಚ್ಚಿಸಿದಿರಿ. ಆ ಮನುಷ್ಯ ನನ್ನ ಮೀನು ಹಳಸಿದ್ದೆಂದು ಅದೇ ಪುಟದಲ್ಲಿ ಮೂರು ಸಲ ಬರೆದಿದ್ದಾನೆ, ಹಸಿ ಸುಳ್ಳು. ಅವನ ಮುಖ ಕಂಡರೆ ನನಗಾಗದು. ಆದರೂ ಮೊದಲು ಅವನದನ್ನೇ ತೆರೆಯಿರಿ. ನಾಲ್ಕನೆಯ ಸಲವೂ ಬರೆಯಲಿ. ಉತ್ತರ ಕೊಡಲು ನನಗೆ ಬಾಯಿದೆ, ಆ ಕೆಲಸಕ್ಕೆ ತಮ್ಮ ಕಚೇರಿ ಬೇಕಾಗಿಲ್ಲ.

ಇಂತಿ,
ತಮ್ಮ ಕಡತದಲ್ಲಿ ‘ಆತಂಕ ಹರಡುವ ವ್ಯಕ್ತಿ’,
ಬೀದಿಯವರಿಗೆ ಬರೀ ಬು ಕಸ್ಮೋನಾ