ಬಾವಿ ಪಕ್ಕದ ಸಾಲು

ಬೈರಕೂರು
ಭಾನುವಾರ, 11 ಮೇ 2025

ಶ್ವೇತಳ ಅಪ್ಪನವರಿಗೆ,

ಹೆಂಡತಿಯ ಫೋನ್ ಎತ್ತುವುದಿಲ್ಲ ಎಂದು ಹಟ ಹಿಡಿದವರಿಗೆ ಕಾಗದವೇ ಗತಿ. ನಾಳೆ ವೆಂಕಟ್ ಟೆಂಪೊ ತಗೊಂಡು ನಂಗಲಿಗೆ ಬರುತ್ತಾನೆ, ಅವನ ಕೈಲಿ ಕಳಿಸುತ್ತೇನೆ. ಗ್ಯಾರೇಜಿನ ಗ್ರೀಸು ಒರೆಸಿಕೊಂಡು ಪೂರ್ತಿ ಓದಿ. ಶ್ವೇತಳೂ ನಿಮ್ಮಮ್ಮನೂ ಚೆನ್ನಾಗಿದ್ದಾರೆ. ನಾನೂ ಗಟ್ಟಿಯಾಗಿದ್ದೇನೆ.

ಹೋದ ವಾರ ಆಲಿಕಲ್ಲು ಮಳೆ ಬಿತ್ತು. ಹಿಪ್ಪುನೇರಳೆ ಸೊಪ್ಪೆಲ್ಲ ಜರಡಿಯಾಯಿತು. ಮನೆಯೊಳಗೆ ರೇಷ್ಮೆ ಹುಳು ಕೊನೆಯ ಜ್ವರ ಮುಗಿಸಿ, ಪೊರೆ ಬಿಟ್ಟು ಎದ್ದು ಗಬಗಬ ತಿನ್ನುವ ಹೊತ್ತು. ಸೊಪ್ಪು ಕೊಂಡು ತರೋಣವೆಂದರೆ ಪಕ್ಕದೂರಿನ ತೋಟಗಳದ್ದೂ ಅದೇ ಪಾಡು. ಹುಳುವನ್ನೆಲ್ಲ ನಾನೇ ತಿಪ್ಪೆಗೆ ಸುರಿದೆ. ಅಯ್ಯೋ, ಒಂದು ಬೆಳೆಯೇ ಹೋಯಿತು ಕಣ್ರೀ.

ಮಾರನೆಯ ದಿನವೇ ಕುಡುಗೋಲು ಹಿಡಿದು ತೋಟವನ್ನು ಬುಡಕ್ಕೆ ಕತ್ತರಿಸಿದೆ. ಏಟು ತಿಂದ ಕಡ್ಡಿ ಇಟ್ಟುಕೊಂಡರೆ ಚಿಗುರು ತಡ, ಚಿಗುರು ತಡವಾದರೆ ಮುಂದಿನ ಹುಳುವೂ ತಡ. ರೇಷ್ಮೆ ಮಾಡುವವರು ಯಾರಾದರೂ ಇದನ್ನೇ ಮಾಡುತ್ತಾರೆ. ಅದೇ ತಪ್ಪಾಯಿತು. ನಾನು ಹುಲ್ಲಿಗೆ ಹೋಗಿದ್ದಾಗ ಬೆಳೆ ಪರಿಹಾರಕ್ಕೆಂದು ಗ್ರಾಮ ಲೆಕ್ಕಿಗರು ಬಂದು, ತೋಟ ನೀಟಾಗೈತಲ್ಲಮ್ಮಾ ಅಂತ ನಿಮ್ಮಮ್ಮನ ಹತ್ತಿರ ಹೇಳಿ, ಹಾನಿ ಇಲ್ಲ ಎಂದು ಬರೆದುಕೊಂಡು ಹೋದರಂತೆ.

ನಾನು ಬಿಡುತ್ತೇನೆಯೇ? ಸೌದೆಗೆ ಒಟ್ಟಿದ್ದ ಕಡ್ಡಿಗಳಲ್ಲಿ ಒಂದು ಹೊರೆ ಕಟ್ಟಿ ಬಸ್ಸಿಗೆ ಹಾಕಿದೆ. ಕಂಡಕ್ಟರ್ ಬೈದ, ಬೈಸಿಕೊಂಡೆ. ತಾಲ್ಲೂಕು ಕಚೇರಿಯಲ್ಲಿ ಸಾಹೇಬರ ಮೇಜಿನ ಮೇಲೇ ಹೊರೆ ಬಿಚ್ಚಿ, ಆಲಿಕಲ್ಲಿಗೆ ತೊಗಟೆ ಜಜ್ಜಿಹೋದ ಜಾಗಗಳನ್ನು ತೋರಿಸಿದೆ. ಪಾಪ, ಅವರು ತಾಳ್ಮೆಯಿಂದ ನೋಡಿದರು. ಇದು ನಿಮ್ಮ ತೋಟದ್ದೇ ಅಂತ ಹೆಂಗಮ್ಮ ಹೇಳೋದು, ಕತ್ತರಿಸದ ಗಿಡ ಒಂದಷ್ಟಿದ್ರೂ ಫೋಟೊ ಹಿಡಿದು ಮುಗಿಸ್ತಿದ್ವಿ, ಇದೆಯಾ ಅಂದರು. ಇಲ್ಲ ಸ್ವಾಮಿ ಅಂದೆ. ಹಂಗಾದ್ರೆ ಪಹಣಿ ಯಾರ ಹೆಸರಲ್ಲಿದೆಯೋ ಅವರೇ ಗುರುವಾರ ತೋಟದಲ್ಲಿ ನಿಂತು ಹೇಳಿಕೆ ಕೊಡ್ಲಿ ಅಂದರು. ಪಹಣಿ ನಿಮ್ಮ ಹೆಸರಲ್ಲಿದೆ.

ಯುಗಾದಿ ಮುಗಿದದ್ದೇ, ರೇಷ್ಮೆಗೂಡಿಗೆ ರೇಟಿಲ್ಲ, ಹಿಪ್ಪುನೇರಳೆ ಕಿತ್ತು ಟೊಮೆಟೊ ಹಾಕೋಣ ಅಂದಿರಿ. ನಾನು ಒಪ್ಪಲಿಲ್ಲ. ನೀನೇ ಮಾಡ್ಕೋ ಹೋಗು ಅಂತ ಚಪ್ಪಲಿ ಮೆಟ್ಟಿ ನಂಗಲಿಗೆ ಹೊರಟಿರಿ. ಮಾಡಿಕೊಳ್ಳುತ್ತಿದ್ದೇನೆ. ಪರಿಹಾರ ಬಂದರೆ ಮುಂದಿನ ಬೆಳೆಗೆ ಹುಳುವಿನ ಮೊಟ್ಟೆ ತರುತ್ತೇನೆ, ಬರದಿದ್ದರೆ ಹುಳುಮನೆಗೆ ಬೀಗ. ಬೀಗ ಹಾಕಲು ನಾನು ತಯಾರಿಲ್ಲ. ದುಡ್ಡು ನಿಮ್ಮ ಖಾತೆಗೇ ಬೀಳುತ್ತದೆ, ಕಾರ್ಡು ನನ್ನ ಹತ್ತಿರ ಇದೆ, ಆ ಚಿಂತೆ ಬೇಡ.

ನಿಮ್ಮಮ್ಮ ಮಾತ್ರ ತೆಲುಗಿನಲ್ಲಿ ವಾಡು ರಾಡು ಲೇಮ್ಮಾ ಅಂತಾರೆ. ನೀವು ಬರಲ್ಲವಂತೆ. ಗುರುವಾರ ಬಂದು ಸಾಹೇಬರ ಜೊತೆ ಮಾತಾಡಿ ಹೋಗಿ, ಸಾಕು. ನನ್ನ ಜೊತೆ ಮಾತು ಬೇಡ.

ಇಂತಿ,
ತೋಟ ಬಿಡದ
ಗಂಗಾಲಕ್ಷ್ಮಿ

ತಾ.ಕ. (ಸೋಮವಾರ ಬೆಳಿಗ್ಗೆ): ಸಾಹೇಬರಿಗೂ ನಿಮಗೂ ಸುಳ್ಳು ಹೇಳಿದ್ದೇನೆ. ಬಾವಿ ಪಕ್ಕದ ಸಾಲನ್ನು ನಾನು ಕತ್ತರಿಸಿಲ್ಲ. ಬಾವಿ ಮರೆಗಿರುವುದರಿಂದ ಅವತ್ತು ಲೆಕ್ಕಿಗರ ಕಣ್ಣಿಗೆ ಬಿದ್ದಿರಲಿಲ್ಲ. ಮದುವೆಯಾದ ವರ್ಷ ನೀವು ನೆಟ್ಟ ಸಾಲು, ಕೈ ಬರಲಿಲ್ಲ. ಅದು ಇದೆ ಅಂದಿದ್ದರೆ ನಿಮ್ಮನ್ನು ಯಾವ ನೆಪದಲ್ಲಿ ಕರೆಯಲಿ? ಆದರೆ ಸುಳ್ಳು ಹೇಳಿ ಕರೆಸಿಕೊಳ್ಳಲು ನಾಚಿಕೆಯಾಯಿತು. ಈಗಷ್ಟೇ ಲೆಕ್ಕಿಗರನ್ನು ಕರೆಸಿ ತೋರಿಸಿದೆ. ಫೋಟೊ ಹಿಡಿದರು, ಹಾನಿ ಬರೆದುಕೊಂಡರು. ಪರಿಹಾರಕ್ಕೆ ಇನ್ನು ನೀವು ಬರಬೇಕಾಗಿಲ್ಲ. ಆ ಸಾಲನ್ನೂ ಕತ್ತರಿಸಲೇಬೇಕು, ಇಲ್ಲದಿದ್ದರೆ ಸರಿಯಾಗಿ ಚಿಗುರುವುದಿಲ್ಲ. ಗುರುವಾರದವರೆಗೆ ಮುಟ್ಟುವುದಿಲ್ಲ. ಕುಡುಗೋಲು ಮಸೆದಿಟ್ಟಿದ್ದೇನೆ, ನೀವೇ ಬಂದು ಕತ್ತರಿಸಿ.